ಡಿಂಪ್ನಾ ಕೂಡಿಟ್ಟ ಕಲ್ಲು

ಒಡೆದ ಸೇತುವೆಯನ್ನು ತುಂಬುವುದಕ್ಕೂ ಒಂದು ಕ್ರಮವಿದೆ. ಎಣ್ಣೆ ಪೀಪಾಯಿಗಳ ಎರಡೂ ತಳ ಕತ್ತರಿಸಿ, ಹಳ್ಳದ ನೀರು ಹರಿದುಹೋಗಲೆಂದು ಸಾಲಾಗಿ ಅಡಿಯಲ್ಲಿ ಮಲಗಿಸಬೇಕು. ಅದರ ಮೇಲೆ ಇಬ್ಬರು ಸೇರಿ ಎತ್ತುವಂಥ ದಪ್ಪ ಕಲ್ಲು. ಸಂದಿಗೆ ಮುಷ್ಟಿಗಾತ್ರದ್ದು. ಆಮೇಲೆ ಜಲ್ಲಿ, ಮಣ್ಣು, ಕೊನೆಗೆ ಹುಲ್ಲುಹೆಂಟೆ. ಅವಸರಕ್ಕೆ ಬಿದ್ದು ಮೊದಲೇ ಜಲ್ಲಿ ಸುರಿದರೆ ಒಂದೇ ಮಳೆಗೆ ಎಲ್ಲ ಕುಸಿದು, ಹಾಲಿನ ಗಾಡಿ ಮೂತಿ ಕೆಳಗಾಗಿ ನಿಲ್ಲುತ್ತದೆ. ಡಿಂಪ್ನಾ ಮಗವರ್ನ್ ಇದನ್ನು ಯಾವ ಎಂಜಿನಿಯರನ ಹತ್ತಿರವೂ ಕಲಿತದ್ದಲ್ಲ. ಇಪ್ಪತ್ಮೂರು ವರ್ಷ ಒಂದೇ ಗುಂಡಿಯನ್ನು ತುಂಬಿ ತುಂಬಿ ಕಲಿತದ್ದು.

ಪೊಲೀಸರು ಬಂದಾಗ ಆಡಬೇಕಾದ ಮಾತಿಗೂ ಒಂದು ಕ್ರಮವಿತ್ತು. ‘ಈ ಕಲ್ಲು ಹಾಕಿದ್ದು ಯಾರು?’ ಎಂದು ಕೇಳಿದರೆ, ಮೊಣಕಾಲುದ್ದ ಕೆಸರಲ್ಲಿ ನಿಂತವನೂ, ಎದೆಗೆ ಕಲ್ಲು ಅವುಚಿಕೊಂಡವಳೂ ಹೇಳಬೇಕಾದದ್ದು ಒಂದೇ: ‘ನಾನು ಈಗ ತಾನೇ ಬಂದೆ.’ ಅದರ ಹಿಂದೆ ಮುಂದೆ ಒಂದಕ್ಷರ ಸೇರಿಸುವಂತಿಲ್ಲ. ನೂರು ಜನ ಇದ್ದರೆ ನೂರೂ ಜನ ಈಗ ತಾನೇ ಬಂದವರು. ಪೊಲೀಸರ ಕಡತದ ಪ್ರಕಾರ ಡ್ರಮಾರ್ಡ್ ಸೇತುವೆಯ ಗುಂಡಿ ಪ್ರತಿ ಭಾನುವಾರ ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುತ್ತಿತ್ತು.

ಡಿಂಪ್ನಾ ಹುಟ್ಟಿದ್ದು ಹಳ್ಳದ ಆಚೆ, ಮೊನಹನ್ ಜಿಲ್ಲೆಯಲ್ಲಿ. ಮದುವೆಯಾಗಿ ಬಂದದ್ದು ಹಳ್ಳದ ಈಚೆ, ಫರ್ಮಾನಾ ಜಿಲ್ಲೆಗೆ. ತವರಿಗೂ ಗಂಡನ ಮನೆಗೂ ನಡುವೆ ನಾನೂರು ಗಜ, ಒಂದೇ ಕಮಾನಿನ ಒಂದು ಕಲ್ಲುಸೇತುವೆ. ಗಡಿ ಇದ್ದದ್ದು ಹಳ್ಳದ ನಟ್ಟನಡುವೆ. ಎರಡೂ ದಂಡೆ ಐರ್ಲೆಂಡಿನ ನೆಲವೇ, ಆದರೆ ಆಚೆ ಡಬ್ಲಿನ್ನಿನ ಸರ್ಕಾರ, ಈಚೆ ಲಂಡನ್ನಿನ ಸರ್ಕಾರ. ದನಗಳಿಗೆ ಅದು ಗೊತ್ತಿರಲಿಲ್ಲ. ಜನಕ್ಕೆ ಗೊತ್ತಿದ್ದರೂ ತಲೆಗೆ ಹಚ್ಚಿಕೊಂಡಿರಲಿಲ್ಲ. 1966ರಲ್ಲಿ ಪ್ಯಾಕಿ ಮಗವರ್ನ್‌ನನ್ನು ಕಟ್ಟಿಕೊಂಡಾಗ ಅವಳ ಒಂದು ಪೆಟ್ಟಿಗೆ, ಹೊಲಿಗೆ ಯಂತ್ರ, ಹನ್ನೆರಡು ಕೋಳಿ ಎಲ್ಲ ಕೈಗಾಡಿಯಲ್ಲೇ ದೇಶ ದಾಟಿ ಬಂದವು. ಕೋಳಿಗಳು ಮರುದಿನ ಬೆಳಗ್ಗೆ ಸಾಲಾಗಿ ನಡೆದುಕೊಂಡು ತವರಿಗೆ ವಾಪಸಾದವು.

1971ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸೈನಿಕರು ಬಂದು ಸೇತುವೆಗೆ ಮದ್ದಿಟ್ಟರು. ಬ್ರಿಟನ್ನನ್ನು ಓಡಿಸಲು ಬಂದೂಕು ಹಿಡಿದವರು ಇಂಥ ಸಣ್ಣ ದಾರಿಗಳಲ್ಲೇ ನುಸುಳುತ್ತಾರೆ ಎಂಬುದು ಅವರ ವಾದ. ಬಂದೂಕಿನವರು ಹೊಲದ ಮೇಲೆ ದಾಟಿಕೊಂಡರು. ದಾಟಲಾಗದೆ ನಿಂತದ್ದು ಹಾಲಿನ ಗಾಡಿ, ಶಾಲೆಯ ಮಕ್ಕಳು, ಪಾದ್ರಿ. ನಾನೂರು ಗಜದ ದಾರಿ ಸುತ್ತಿಬಳಸಿ ಹತ್ತೊಂಬತ್ತು ಮೈಲಿಯಾಯಿತು.

ಮುಂದಿನ ಭಾನುವಾರವೇ ಇಗರ್ಜಿ ಪೂಜೆ ಮುಗಿಸಿದ ಜನ, ಅದೇ ಒಳ್ಳೆ ಬಟ್ಟೆಯಲ್ಲಿ, ಗುದ್ದಲಿ ಸನಿಕೆ ಹಿಡಿದು ಎರಡೂ ಕಡೆಯಿಂದ ಬಂದರು. ಕಲ್ಲು ಸಾಲಲಿಲ್ಲ. ಪ್ಯಾಕಿ ಮನೆಗೆ ಹೋಗಿ ಕೊಟ್ಟಿಗೆಯ ಪಡುವಣ ಗೋಡೆಯನ್ನೇ ಕೆಡವಿ ಗಾಡಿಗೆ ಹೇರಿಕೊಂಡು ಬಂದ.

‘ಅಯ್ಯೋ, ಹಸುಗಳಿಗೆ ಚಳಿ ಆಗಲ್ವೇನೋ?’ ಅಂದಳು ಡಿಂಪ್ನಾ.

‘ಹಸುಗೆ ಚರ್ಮ ದಪ್ಪ. ನಿನ್ನ ತವರು ದೂರ ಆದ್ರೆ ರಾತ್ರಿ ಹಗಲು ನಿನ್ನ ಗೊಣಗಾಟ ಕೇಳಬೇಕಾದೋನು ನಾನು’ ಅಂದ ಪ್ಯಾಕಿ.

ಆ ಗೋಡೆಯನ್ನು ಅವನು ಮತ್ತೆ ಕಟ್ಟಲಿಲ್ಲ. ತಗಡು ಬಡಿದು ಬಿಟ್ಟ. ಹತ್ತು ದಿನಕ್ಕೆ ಸೈನಿಕರು ಬಂದು ಮತ್ತೆ ಸಿಡಿಸಿದರು. ಜನ ಮತ್ತೆ ತುಂಬಿದರು. ಅವರು ಸಿಡಿಸುವುದು, ಇವರು ತುಂಬುವುದು. ಒಂದು ಸಲ ಡಿಂಪ್ನಾ ಗುಂಡಿಯೊಳಗೇ ಕುರ್ಚಿ ಹಾಕಿಕೊಂಡು ಕೂತು ಸ್ವೆಟರ್ ಹೆಣೆದಳು. ಅಧಿಕಾರಿಯೊಬ್ಬ ಬಗ್ಗಿ ನೋಡಿ, ‘ಮೇಡಂ, ದಯವಿಟ್ಟು ಮೇಲೆ ಬನ್ನಿ’ ಅಂದರೆ, ‘ಈ ತೋಳು ಮುಗಿದ ಮೇಲೆ ನೋಡೋಣ’ ಅಂದಳು. ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಮೇಲಿಟ್ಟರು. ಆ ಫೋಟೋ ಪೇಪರಿನಲ್ಲಿ ಬಂತು.

ಈ ಕೆಲಸಕ್ಕೆ ಬೇಕಾದ ಟ್ರ್ಯಾಕ್ಟರ್ ಸಿಗುತ್ತಿದ್ದದ್ದು ಪಕ್ಕದ ಹೊಲದ ಮರ್ವಿನ್ ನೋಬಲ್‌ನಿಂದ. ಕ್ಯಾಥೊಲಿಕ್ಕರಾದ ಇವರಂತಲ್ಲ, ಮರ್ವಿನ್ ಪ್ರಾಟೆಸ್ಟಂಟ್, ಬ್ರಿಟನ್ನಿನ ಪರದವನು. ಜುಲೈ ಹನ್ನೆರಡಕ್ಕೆ ಕಿತ್ತಳೆ ಪಟ್ಟಿ ಹಾಕಿಕೊಂಡು, ರಾಣಿಗೆ ಜೈ ಅನ್ನುತ್ತ ತಮಟೆಯ ಹಿಂದೆ ನಡೆಯುವವನು. ಆದರೆ ಅವನ ಕುರಿಗಳೂ ಸೇತುವೆಯಾಚೆಯ ಸಂತೆಗೇ ಹೋಗಬೇಕಿತ್ತು. ಶನಿವಾರ ಸಂಜೆ ಟ್ರ್ಯಾಕ್ಟರನ್ನು ಓಣಿಯಲ್ಲಿ ಕೀಲಿ ಸಮೇತ ಬಿಟ್ಟು ಮನೆಗೆ ಹೋಗುತ್ತಿದ್ದ. ಸೋಮವಾರ ಬೆಳಗ್ಗೆ ಅದರ ಮೈಯ ಕೆಸರು ನೋಡಿ, ‘ಮರೆವು ನೋಡಿ ನಂದು, ಯಾರು ಒಯ್ದರೋ ಏನೋ’ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಅನ್ನುತ್ತಿದ್ದ.

1978ರ ಫೆಬ್ರವರಿಯಲ್ಲಿ ಡಿಂಪ್ನಾಳ ಅವ್ವ ತೀರಿಕೊಂಡಳು. ಆ ವಾರ ಗುಂಡಿ ತೆರೆದುಕೊಂಡಿತ್ತು. ಡಿಂಪ್ನಾ ರಬ್ಬರು ಬೂಟು ಹಾಕಿ, ಒಳ್ಳೆಯ ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳಕ್ಕಿಳಿದಳು. ನಡುವೆ ನೀರು ಬೂಟಿನ ಮೇಲೆ ಬಂತು. ತವರಿನ ಬಾಗಿಲಲ್ಲಿ ನಿಂತು ಬೂಟು ಬೋರಲು ಹಾಕಿ ನೀರು ಸುರಿದು, ಚಪ್ಪಲಿ ಮೆಟ್ಟಿ ಒಳಗೆ ಹೋಗಿ ಅವ್ವನ ಮುಖ ನೋಡಿದಳು. ಅವತ್ತು ಅಳಲಿಲ್ಲ. ವಾಪಸು ಬರುವಾಗ ಹಳ್ಳದ ನಡುವೆ ನಿಂತು ಲಂಡನ್ನಿನ ಸರ್ಕಾರಕ್ಕೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪ್ಯಾಕಿ 1991ರಲ್ಲಿ ಹೋದ. ಸೇತುವೆ ಕೊನೆಗೂ ತೆರೆದದ್ದು 1994ರಲ್ಲಿ, ಬಂದೂಕುಗಳು ಸುಮ್ಮನಾದ ಮೇಲೆ. ಡಾಂಬರು ಹಾಕಲು ಬಂದವರು ಮೊದಲೇ ಜಲ್ಲಿ ಸುರಿಯುವುದನ್ನು ಕಂಡು ಡಿಂಪ್ನಾ, ‘ಮೊದಲು ದಪ್ಪ ಕಲ್ಲು ಕಣ್ರೋ, ಮುಂಡೇವ!’ ಎಂದು ಕಿರುಚಿದಳು. ಅವರು ಪಾಪ, ಅವಳು ಹೇಳಿದ ಹಾಗೆಯೇ ಮಾಡಿದರು.

ಸೇತುವೆ ತೆರೆದ ಮರುದಿನದಿಂದ ಅವಳ ತಮ್ಮ ಹ್ಯೂಯಿ ಮಧ್ಯಾಹ್ನ ಹನ್ನೆರಡೂವರೆಗೆ ಊಟಕ್ಕೆ ಬರತೊಡಗಿದ. ಹ್ಯೂಯಿ ಮದುವೆಯಾಗಲಿಲ್ಲ. ನೋಡಲು ಹೋದ ಹುಡುಗಿಯರೆಲ್ಲ ಅವನ ನಾಯಿಯನ್ನು ಮೆಚ್ಚಿದರೇ ಹೊರತು ಅವನನ್ನಲ್ಲ ಎಂದು ಅವನೇ ಹೇಳುತ್ತಿದ್ದ. ಅವನಿಗೆ ಬೇಯಿಸಲು ಬರುತ್ತಿದ್ದದ್ದು ಮೊಟ್ಟೆಯೊಂದೇ. ಅಕ್ಕನ ಮನೆಯ ಉಪ್ಪು ಹಂದಿಮಾಂಸ, ಎಲೆಕೋಸು, ಸಿಪ್ಪೆ ಬಿರಿದ ಆಲೂಗಡ್ಡೆ ತಿಂದು, ಕುರ್ಚಿಯಲ್ಲೇ ಒಂದು ಕೋಳಿನಿದ್ದೆ ತೆಗೆದು, ಚಹಾ ಕುಡಿದು, ಎರಡು ಗಂಟೆಗೆ ಸೇತುವೆ ದಾಟಿ ಹೋಗುತ್ತಿದ್ದ. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪಲಿಲ್ಲ. ಗಡಿ ಇದೆಯೆಂಬುದೇ ಮರೆಯುವಷ್ಟು ದಾರಿ ಸವೆಯಿತು.

ಮರೆತದ್ದೇ ತಪ್ಪಾಯಿತು.

2016ರ ಜೂನಿನಲ್ಲಿ ಆ ಓಟು ಬಂತು. ಬ್ರಿಟನ್ ಯುರೋಪಿನ ಒಕ್ಕೂಟದಲ್ಲೇ ಉಳಿಯಬೇಕೋ, ಬಿಟ್ಟು ಹೊರಡಬೇಕೋ? ಹಳ್ಳದ ಈಚೆಯವರಿಗೆ ಓಟಿತ್ತು, ಆಚೆಯ ಹ್ಯೂಯಿಗೆ ಇರಲಿಲ್ಲ. ಡಿಂಪ್ನಾ ಲಂಡನ್ನಿನ ಓಟುಗಳಿಗೆ ಹೋಗುವವಳಲ್ಲ. ‘ಅವರ ಮನೆ ಜಗಳಕ್ಕೆ ನನ್ನ ಚಪ್ಪಲಿ ಯಾಕೆ ಸವೆಸಲಿ’ ಎನ್ನುವವಳು. ಈ ಸಲ ಪ್ಯಾಕಿಯ ತಮ್ಮನ ಮಗಳು ಕ್ಲಿಯೋನಾ, ಶಾಲೆಯ ಟೀಚರು, ಒಂದು ವಾರ ತಲೆ ತಿಂದಿದ್ದಳು. ‘ಉಳಿಯಲಿ ಅಂತ ಹಾಕಬೇಕು ದೊಡ್ಡಮ್ಮ, ಇಲ್ಲದಿದ್ದರೆ ನಮಗೇ ತೊಂದರೆ’ ಎಂದು. ಹಾಗೇ ಹಾಕುವುದೆಂದು ಡಿಂಪ್ನಾ ಮತಗಟ್ಟೆಯಾಗಿದ್ದ ಶಾಲೆಗೆ ಹೋದಳು.

ಮಕ್ಕಳು ಊಟ ಮಾಡುವ ದೊಡ್ಡ ಕೋಣೆಯಲ್ಲಿ ಹಲಗೆಯ ಮರೆ. ದಾರ ಕಟ್ಟಿದ ಪೆನ್ಸಿಲು. ಚೀಟಿಯನ್ನು ಎರಡು ಸಲ ಓದಿದಳು. ಅರ್ಥವಾಗದೆ ಏನಲ್ಲ. ಆದರೆ ಪೆನ್ಸಿಲು ಮೊದಲ ಸಾಲಿನ ಹತ್ತಿರ ಹೋದಾಗ ಕೈ ಕಟ್ಟಿಹಾಕಿದಂತಾಯಿತು. ಮೇಲೆ ಬ್ರಿಟನ್ನಿನ ಹೆಸರು, ಪಕ್ಕದಲ್ಲಿ ‘ಉಳಿಯಲಿ’. ಇಪ್ಪತ್ಮೂರು ವರ್ಷ ತೊಲಗಿ ತೊಲಗಿ ಎಂದು ಕೂಗಿದ ಗಂಟಲು ಅವಳದು. ಅವ್ವನ ಸಾವಿಗೆ ಬೂಟಿನಲ್ಲಿ ನೀರು ತುಂಬಿಕೊಂಡು ಹೋದ ಕಾಲು ಅವಳದು. ಆ ಸರ್ಕಾರಕ್ಕೆ ‘ಉಳಿ’ ಎಂದು ಈ ಕೈಯಿಂದ ಬರೆಯುವುದೆ? ಎಲ್ಲಿಂದಾದರೂ ಸರಿ, ಎಲ್ಲಿಗಾದರೂ ಸರಿ, ಅವರು ಹೊರಡುತ್ತೇವೆ ಅಂದರೆ ಬಾಗಿಲು ತೆಗೆದು ನಿಲ್ಲುವವಳು ಡಿಂಪ್ನಾ. ಎರಡನೆಯ ಸಾಲಿಗೆ ಗುರುತು ಎಳೆದಳು. ಎಷ್ಟು ಒತ್ತಿ ಎಳೆದಳೆಂದರೆ ಪೆನ್ಸಿಲಿನ ಮೊನೆ ಮುರಿಯಿತು.

ಹೊರಗೆ ಬಂದು ಒಂದು ಐಸ್‌ಕ್ರೀಂ ಕೊಂಡು ರಸ್ತೆಯಲ್ಲೇ ತಿನ್ನುತ್ತ ಮನೆಗೆ ನಡೆದಳು. ಎಪ್ಪತ್ತೊಂದರ ವಯಸ್ಸಿಗೆ ಹೀಗೆ ಮೈ ಹಗುರಾದದ್ದು ಅಪರೂಪ.

ಮರುದಿನ ಫಲಿತಾಂಶ ಬಂತು. ಹಳ್ಳದ ಈಚೆಯ ಬಹುಪಾಲು ಜನ ಉಳಿಯಲಿ ಎಂದೇ ಹಾಕಿದ್ದರೂ ಎಣಿಕೆ ಇಡೀ ಬ್ರಿಟನ್ನಿನದು, ಹೊರಡುವವರು ಗೆದ್ದಿದ್ದರು. ಹ್ಯೂಯಿ ಹನ್ನೆರಡೂವರೆಗೆ ಬಂದು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ.

‘ನಿಮ್ಮೋರು ಹೊರಟ್ರಂತಲ್ಲ?’

‘ಹೊರಡ್ಲಿ ಬಿಡು, ಪೀಡೆ ತೊಲಗ್ತು’ ಅಂದಳು ಡಿಂಪ್ನಾ, ಆಲೂಗಡ್ಡೆ ಬಡಿಸುತ್ತ.

‘ಅಲ್ಲ ಕಣಕ್ಕಾ, ಅವರು ಹೊರಟಿದ್ದು ಯುರೋಪಿನಿಂದ. ನಾನು ಯುರೋಪಿನಲ್ಲೇ ಇದ್ದೀನಿ, ಹಳ್ಳದ ಆಚೆ. ನೀನು ಅವರ ಜೊತೆ ಹೊರಟಿದ್ದೀಯ, ಹಳ್ಳದ ಈಚೆ. ಈಗ ಯುರೋಪಿನ ಬೇಲಿ ಎಲ್ಲಿಗೆ ಬಂತು ಹೇಳು?’

ಡಿಂಪ್ನಾ ಬಡಿಸುತ್ತಿದ್ದ ಚಮಚವನ್ನು ಪಾತ್ರೆಗೆ ವಾಪಸು ಹಾಕಿದಳು.

‘ನಮ್ಮ ಸೇತುವೆ ಮೇಲೆ’ ಅಂದ ಹ್ಯೂಯಿ. ‘ಸುಂಕದೋನು ಬರ್ತಾನಂತೆ, ಚೆಕ್‌ಪೋಸ್ಟ್ ಬರ್ತದಂತೆ. ಚೆಕ್‌ಪೋಸ್ಟ್ ಬಂದ್ರೆ ಅದಕ್ಕೆ ಯಾರೋ ಕಲ್ಲು ಹೊಡೀತಾರೆ. ಕಲ್ಲು ಹೊಡೆದ್ರೆ ಕಾವಲಿಗೆ ಪೊಲೀಸು ಬರ್ತಾನೆ. ಪೊಲೀಸಿನ ಕಾವಲಿಗೆ ಸೈನ್ಯ ಬರ್ತದೆ. ಆಮೇಲೆ ಮತ್ತೆ ಹತ್ತೊಂಬತ್ತು ಮೈಲಿ. ಯಾಕೆ, ನೀನು ಊಟ ಮಾಡಲ್ವಾ?’

ಅವತ್ತು ಅವಳ ಪಾಲಿನ ಆಲೂಗಡ್ಡೆಯನ್ನೂ ಹ್ಯೂಯಿಯೇ ತಿಂದ.

ಮೂರು ವರ್ಷ ಡಿಂಪ್ನಾ ಈ ಗುಟ್ಟನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ತಿರುಗಿದಳು. ಪಾಪನಿವೇದನೆಯ ಗೂಡಿನಲ್ಲಿ ಪಾದ್ರಿಗೆ ಹೇಳಿ ನೋಡಿದಳು. ‘ಓಟು ಪಾಪದ ಪಟ್ಟಿಯಲ್ಲಿಲ್ಲಮ್ಮ, ನಾನು ಕ್ಷಮಿಸುವ ಹಾಗಿಲ್ಲ’ ಅಂದರು ಅವರು. ತನ್ನೊಬ್ಬಳ ಓಟಿನಿಂದ ಏನೂ ಆಗಿಲ್ಲವೆಂಬುದು ಅವಳಿಗೂ ಗೊತ್ತು. ಆದರೆ ಗುಂಡಿ ತುಂಬುವಾಗ ತನ್ನೊಂದು ಕಲ್ಲಿನಿಂದ ಏನಾದೀತು ಎಂದು ಅವಳು ಎಂದೂ ಅಂದುಕೊಂಡವಳಲ್ಲ. ತುಂಬಲು ಹಾಕಿದ ಕಲ್ಲು ಲೆಕ್ಕಕ್ಕಿದೆ, ಅಗೆಯಲು ಹಾಕಿದ ಗುದ್ದಲಿ ಲೆಕ್ಕಕ್ಕಿಲ್ಲ ಎಂದರೆ ಯಾವ ನ್ಯಾಯ?

ಹಾಗಾಗಿ ಅವಳು ಕಲ್ಲು ಕೂಡಿಡತೊಡಗಿದಳು.

ದಿನಕ್ಕೊಂದು ತಳ್ಳುಗಾಡಿ. ಹೊಲದ ಅಂಚಿನದ್ದು, ಹಳ್ಳದ ದಂಡೆಯದ್ದು, ಬಿದ್ದ ಬೇಲಿಗೋಡೆಯದ್ದು. ದಪ್ಪದ್ದು ಒಂದು ಕಡೆ, ಮುಷ್ಟಿಗಾತ್ರದ್ದು ಇನ್ನೊಂದು ಕಡೆ. ಮನೆಯ ಪಕ್ಕದಲ್ಲಿ ಗುಪ್ಪೆ ಬೆಳೆಯಿತು. ಹ್ಯೂಯಿಯಿಂದ ಆರು ಹಳೆಯ ಪೀಪಾಯಿ ತರಿಸಿ ತಳ ಕತ್ತರಿಸಿಟ್ಟಳು.

‘ಇದೇನಕ್ಕಾ, ಕೋಟೆ ಕಟ್ತೀಯಾ?’ ಅಂದ ಹ್ಯೂಯಿ.

‘ನಿನ್ನ ಗೋರಿ ಕಟ್ತೀನಿ. ತಿಂದ್ಯಲ್ಲ, ಎದ್ದು ಹೋಗು.’

ಈ ಗುಪ್ಪೆಯೇ ಅವಳನ್ನು ಮತ್ತೆ ಪೇಪರಿಗೆ ಎಳೆಯಿತು. ಚೆಕ್‌ಪೋಸ್ಟ್ ಬರಬಾರದೆಂದು ಎರಡೂ ದಂಡೆಯ ಜನ ಒಂದು ಸಮಿತಿ ಕಟ್ಟಿಕೊಂಡಿದ್ದರು. ಅದನ್ನು ನಡೆಸುತ್ತಿದ್ದವಳು ಕ್ಲಿಯೋನಾ. ಕಲ್ಲಿನ ಗುಪ್ಪೆಯ ಮುಂದೆ ದೊಡ್ಡಮ್ಮನನ್ನು ನಿಲ್ಲಿಸಿ ಫೋಟೋ ತೆಗೆದು, ‘ಅಂದು ಗುಂಡಿಯಲ್ಲಿ ಕೂತವಳು, ಇಂದೂ ಸಿದ್ಧ’ ಎಂದು ಎಲ್ಲೆಡೆ ಹಂಚಿದಳು. ಗುರುತಿಲ್ಲದವರು ರಸ್ತೆಯಲ್ಲಿ ಕಾರು ನಿಲ್ಲಿಸಿ ಡಿಂಪ್ನಾಳ ಕೈ ಕುಲುಕಿದರು. ಒಬ್ಬಾತ ಡಬ್ಲಿನ್ನಿನಿಂದ ಒಂದು ಕಲ್ಲು ತಂದು ಗುಪ್ಪೆಗೆ ಸೇರಿಸಿ ಹೋದ. ಹೊಗಳಿಕೆ ಬಂದಷ್ಟೂ ಅವಳಿಗೆ ನೆಲ ಬಾಯಿಬಿಡಬಾರದೆ ಅನ್ನಿಸುತ್ತಿತ್ತು.

2019ರ ಮಾರ್ಚಿನ ಕೊನೆಗೆ ಬ್ರಿಟನ್ ಹೊರಡುವುದೆಂದು ಮೊದಲು ಗೊತ್ತಾಗಿತ್ತು. ಆಮೇಲೆ ಅದು ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಅದು ಬೇರೆ ಕಥೆ. ಆ ಮಾರ್ಚಿನ ಕೊನೆಯ ಶನಿವಾರಕ್ಕೆ ಸಮಿತಿ ಸೇತುವೆಯ ಮೇಲೆ ಸಭೆ ಇಟ್ಟುಕೊಂಡಿತು. ಕ್ಲಿಯೋನಾ ಅಡುಗೆಮನೆಗೆ ಬಂದು ಕೂತಳು.

‘ನೀವು ಮಾತಾಡ್ಲೇಬೇಕು ದೊಡ್ಡಮ್ಮ.’

‘ನಂಗೆ ಮಂಡಿ ನೋವು.’

‘ಮಂಡಿಯಿಂದ ಮಾತಾಡ್ತೀರಾ? ಬಾಯಿ ಚೆನ್ನಾಗೇ ಇದೆಯಲ್ಲ.’

‘ಬೇರೆ ಯಾರನ್ನಾದ್ರೂ ಕರಿ, ಹೋಗು.’

‘ಬೇರೆ ಯಾರು ಉಳಿದಿದ್ದಾರೆ? ಗುಂಡಿ ತುಂಬಿದೋರಲ್ಲಿ ಅರ್ಧ ಜನ ಇಗರ್ಜಿ ಹಿಂದೆ ಮಲಗಿದ್ದಾರೆ. ಲಂಡನ್ ಟೀವಿಯೋರು ಬರ್ತಿದ್ದಾರೆ. ನಿಮ್ಮನ್ನೇ ಕೇಳ್ತಿದ್ದಾರೆ.’

ಡಿಂಪ್ನಾ ಒಲೆಯ ಕಡೆ ತಿರುಗಿ ಏನನ್ನೋ ಕಲಕಿದಳು. ಪಾತ್ರೆಯಲ್ಲಿ ಏನೂ ಇರಲಿಲ್ಲ.

ಶನಿವಾರ ಹನ್ನೊಂದಕ್ಕೇ ಸೇತುವೆಯ ಎರಡೂ ಕಡೆ ಜನ ಸೇರಿದರು. ಹಲಗೆಯ ಒಂದು ಸುಳ್ಳು ಸುಂಕದಕಟ್ಟೆ ಕಟ್ಟಿ, ಅಡ್ಡ ಒಂದು ಗಳು ಇಳಿಬಿಟ್ಟಿದ್ದರು. ಕ್ಲಿಯೋನಾ ಎಲ್ಲಿಂದಲೋ ಹಳೆಯ ಅಧಿಕಾರಿ ಟೋಪಿ ತಂದು ಹಾಕಿಕೊಂಡು, ದಾಟಲು ಬಂದವರ ಜೇಬು ತಡಕುತ್ತಿದ್ದಳು. ಹ್ಯೂಯಿಯ ಜೇಬಿನಲ್ಲಿ ಸಿಕ್ಕ ಒಂದು ಬೇಯಿಸಿದ ಮೊಟ್ಟೆಯನ್ನು ಮೇಲೆತ್ತಿ ತೋರಿಸಿ, ‘ಕಳ್ಳಸಾಗಣೆ!’ ಎಂದು ಕೂಗಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರ್ವಿನ್ ನೋಬಲ್ ತನ್ನ ಟ್ರ್ಯಾಕ್ಟರಿನ ಹಿಂದಿನ ಗಾಡಿಗೆ ಡಿಂಪ್ನಾಳ ಗುಪ್ಪೆಯಿಂದ ಒಂದಿಷ್ಟು ಕಲ್ಲು ಹೇರಿಕೊಂಡು ಬಂದಿದ್ದ. ಅದೇ ವೇದಿಕೆ. ಈ ಸಲ ಕೀಲಿ ಅವನ ಕೈಯಲ್ಲೇ ಇತ್ತು.

ಲಂಡನ್ನಿನ ಟೀವಿಯವನು ನುಣ್ಣಗೆ ಬಾಚಿದ ತಲೆಯ ಯುವಕ. ಕೆಸರಿಗೆ ಹೊಂದದ ಬೂಟು ಹಾಕಿಕೊಂಡು ಬಂದಿದ್ದ. ಡಿಂಪ್ನಾಳನ್ನು ನಾಲ್ಕು ಜನ ಸೇರಿ ಗಾಡಿಗೆ ಹತ್ತಿಸಿದರು. ಹಿಂದೆ ಗುಂಡಿಯಿಂದ ಎತ್ತಿದ್ದೂ ನಾಲ್ಕೇ ಜನ ಎಂಬುದು ಅವಳಿಗೆ ನೆನಪಾಯಿತು. ಮೈಕು ಕೈಗೆ ಬಂತು. ಚಪ್ಪಾಳೆ ನಿಂತಿತು.

ಅವಳು ಆಚೆ ನೋಡಿದಳು. ತವರಿನ ಹೊಗೆಗೂಡು ಕಾಣುತ್ತಿತ್ತು. ಈಚೆ ನೋಡಿದಳು. ಕೊಟ್ಟಿಗೆಯ ತುಕ್ಕು ಹಿಡಿದ ತಗಡು ಕಾಣುತ್ತಿತ್ತು. ಕ್ಲಿಯೋನಾ ಬರೆದುಕೊಟ್ಟಿದ್ದ ಭಾಷಣದ ಕಾಗದವನ್ನು ಬಿಚ್ಚಿ, ಮತ್ತೆ ಮಡಚಿ ಜೇಬಿಗೆ ಹಾಕಿಕೊಂಡಳು.

‘ನಾನು ಒಂದು ಹೇಳಬೇಕು’ ಅಂದಳು. ‘ಹೇಳದೆ ಭಾಷಣ ಮಾಡಿದ್ರೆ ಪ್ಯಾಕಿ ಎದ್ದು ಬಂದು ಕೆನ್ನೆಗೆ ಬಾರಿಸ್ತಾನೆ. ಆ ಓಟಿನ ದಿನ ನಾನು ಹೊರಡಲಿ ಅಂತ ಹಾಕ್ದೆ.’

ಕ್ಲಿಯೋನಾ ಅಧಿಕಾರಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು.

‘ಉಳೀರಿ ಅಂತ ಅವರಿಗೆ ನನ್ನ ಕೈಲಿ ಬರೆಯೋಕಾಗ್ಲಿಲ್ಲ. ಇಷ್ಟೇ. ಬೇಲಿ ಎಲ್ಲಿ ಬೀಳ್ತದೆ ಅಂತ ಯೋಚನೆ ಮಾಡ್ಲಿಲ್ಲ. ಈ ಸೇತುವೆ ಮುಚ್ಚಿದ್ರೆ ಮುಚ್ಚಿದೋರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಕಲ್ಲು ಕೂಡಿಟ್ಟಿದ್ದು. ಶೌರ್ಯಕ್ಕಲ್ಲ. ಹೆದರಿಕೆಗೆ. ಈಗ ಬೈಯೋರು ಬೈಬಹುದು.’

ಮೊದಲು ಕೇಳಿಸಿದ್ದು ಗೊರ್ ಎಂಬ ಒಂದು ಸದ್ದು. ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತ ಮರ್ವಿನ್ ನೋಬಲ್ ನಗುತ್ತಿದ್ದ. ಕಣ್ಣೀರು ಬರುವಷ್ಟು ನಗುತ್ತಿದ್ದ.

‘ನಾನೂ ಅದೇ ಹಾಕಿದ್ದು ಡಿಂಪ್ನಾ! ನಾನು ರಾಣಿಯ ಮೇಲಿನ ಪ್ರೀತಿಗೆ ಹಾಕ್ದೆ, ನೀನು ಸಿಟ್ಟಿಗೆ ಹಾಕ್ದೆ. ಐವತ್ತು ವರ್ಷದಲ್ಲಿ ನಾವಿಬ್ಬರೂ ಒಂದೇ ಕಡೆ ಓಟು ಹಾಕಿದ್ದು ಇದೊಂದೇ ಸಲ. ಅದೂ ಇಬ್ಬರೂ ತಪ್ಪು ಹಾಕಿದ್ದೀವಿ ನೋಡು! ನನ್ನ ಕುರಿಗಳು ಇವತ್ತಿಗೂ ನನ್ನ ಮುಖ ನೋಡಲ್ಲ.’

ಜನ ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಟೀವಿಯವನಿಗೆ ಬೇಟೆಯ ವಾಸನೆ ಬಡಿದಿತ್ತು. ಮೈಕು ಚಾಚಿಕೊಂಡು ಜನರೊಳಗೆ ನುಗ್ಗಿದ. ಸೇತುವೆ ಉಳಿಸಲು ಬಂದವರೇ ಹೊರಡಲು ಓಟು ಹಾಕಿದವರು! ಇದಕ್ಕಿಂತ ಒಳ್ಳೆಯ ಸುದ್ದಿ ಅವನಿಗೆ ಆ ತಿಂಗಳು ಸಿಕ್ಕಿರಲಾರದು.

‘ಇಲ್ಲಿ ಇನ್ನೂ ಯಾರ್ಯಾರು ಹೊರಡಲಿ ಅಂತ ಹಾಕಿದ್ದೀರಿ? ನೀವು ಹಾಕಿದ್ರಾ ಸಾರ್?’

ಅವನು ಮೈಕು ಹಿಡಿದದ್ದು ಹ್ಯೂಯಿಯ ಬಾಯಿಗೆ. ಹ್ಯೂಯಿಗೆ ಓಟೇ ಇರಲಿಲ್ಲ. ಅವನು ಟೋಪಿ ತೆಗೆದು, ನಿಧಾನವಾಗಿ ಅಕ್ಕನ ಕಡೆ ನೋಡಿ, ಮತ್ತೆ ಟೋಪಿ ಹಾಕಿಕೊಂಡ.

‘ನಾನು ಈಗ ತಾನೇ ಬಂದೆ’ ಅಂದ.

ಟೀವಿಯವನು ಪಕ್ಕದ ಮುದುಕಿಯ ಕಡೆ ತಿರುಗಿದ. ಅವಳು ಬೆಳಗ್ಗೆ ಒಂಬತ್ತರಿಂದ ಅಲ್ಲಿ ಚಹಾ ಹಂಚುತ್ತಿದ್ದವಳು. ಕೈಯಲ್ಲಿ ಕೆಟಲು ಹಾಗೇ ಇತ್ತು. ‘ನಾನು ಈಗ ತಾನೇ ಬಂದೆ’ ಅಂದಳು. ಅದರಾಚೆಯವನು, ಗಳುವನ್ನು ಹಿಂದಿನ ದಿನ ತಾನೇ ನೆಟ್ಟವನು, ‘ಈಗ ತಾನೇ ಬಂದೆ’ ಅಂದ. ಮರ್ವಿನ್ ಅಷ್ಟು ಹೊತ್ತು ತಾನೇ ಕೂಗಿ ಒಪ್ಪಿಕೊಂಡವನು. ಈಗ ಮೈಕು ಹತ್ತಿರ ಬಂದಾಗ ಮುಖ ಗಂಟಿಕ್ಕಿಕೊಂಡು, ‘ಈ ಟ್ರ್ಯಾಕ್ಟರ್ ಇಲ್ಲಿಗೆ ಹೇಗೆ ಬಂತೋ ಗೊತ್ತಿಲ್ಲ, ನಾನು ಈಗ ತಾನೇ ಬಂದೆ’ ಅಂದ.

ಕೊನೆಗೆ ಟೀವಿಯವನು ಬೆವರು ಒರೆಸಿಕೊಳ್ಳುತ್ತ ಅಧಿಕಾರಿ ಟೋಪಿಯ ಕ್ಲಿಯೋನಾಳ ಮುಂದೆ ನಿಂತ. ‘ನೀವೇ ಅಲ್ವಾ ನಮಗೆ ಫೋನು ಮಾಡಿ ಕರೆಸಿದ್ದು?’

ಕ್ಲಿಯೋನಾ ಸೇತುವೆಗೆ ಮದ್ದಿಟ್ಟ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ. ದೊಡ್ಡಮ್ಮನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ಕಿವಿಯ ತುದಿ ಕೆಂಪಾಗಿತ್ತು. ಅವಳು ಒಂದು ಗಳಿಗೆ ಗಾಡಿಯ ಮೇಲೆ ಕಲ್ಲಿನ ನಡುವೆ ನಿಂತ ಆ ಹೆಂಗಸನ್ನು ನೋಡಿದಳು.

‘ಇರಬಹುದು ಸಾರ್’ ಅಂದಳು. ‘ಆದ್ರೆ ನಾನು ಈಗ ತಾನೇ ಬಂದೆ.’

ಆಗ ನಗು ಎದ್ದಿತು. ಎರಡೂ ದಂಡೆಯಲ್ಲಿ ಒಟ್ಟಿಗೆ ಎದ್ದಿತು. ಮೈಕು ಹಿಡಿದವನು ಅದನ್ನು ಯಾವ ಭಾಷೆಗೆ ತಿರುಗಿಸಬೇಕೋ ತಿಳಿಯದೆ ನಿಂತ. ಡಿಂಪ್ನಾ ಕಲ್ಲಿನ ಮೇಲೆ ಕುಸಿದು ಕೂತಳು. ಮೂರು ವರ್ಷದಿಂದ ಎದೆಯ ಮೇಲಿದ್ದದ್ದು ಯಾವುದೋ ಉರುಳಿ ಹಳ್ಳಕ್ಕೆ ಬಿದ್ದ ಹಾಗಾಯಿತು.

ಹ್ಯೂಯಿ ಬಂದು ಅವಳನ್ನು ಇಳಿಸಿಕೊಂಡ. ‘ನಂಗೆ ಮೊದಲೇ ಗೊತ್ತಿತ್ತು’ ಅಂದ.

‘ಹೇಗೆ ಗೊತ್ತಿತ್ತೋ, ಕತ್ತೆ?’

‘ಮೂರು ವರ್ಷದಿಂದ ನೀನು ರೇಡಿಯೋಗೆ ಬೈದಿಲ್ಲ. ಲಂಡನ್ ಸುದ್ದಿ ಬಂದ್ರೆ ಸುಮ್ಮನೆ ಪಾತ್ರೆ ತೊಳೀತೀಯ. ಇವಳು ಏನೋ ಮಾಡ್ಕೊಂಡಿದ್ದಾಳೆ ಅಂತ ಅವತ್ತೇ ಅಂದ್ಕೊಂಡೆ.’

‘ಮತ್ತೆ ಬಾಯಿ ಬಿಡ್ಲಿಲ್ಲ?’

‘ಬಿಟ್ಟಿದ್ರೆ ನೀನು ಊಟ ಹಾಕ್ತಿದ್ದಾ? ನಡಿ, ಒಂದು ಗಂಟೆ ಆಯ್ತು. ಎಲೆಕೋಸು ತಣ್ಣಗಾಗ್ತದೆ.’

ಕ್ಲಿಯೋನಾ ಹದಿನೈದು ದಿನ ಮಾತು ಬಿಟ್ಟಳು. ಹದಿನಾರನೆಯ ದಿನ ಬಂದು, ‘ಇನ್ನೊಂದು ಸಲ ಓಟು ಬಂದ್ರೆ ಪೆನ್ಸಿಲು ನಾನು ಹಿಡೀತೀನಿ’ ಅಂದಳು. ‘ಹಿಡಿ. ನನ್ನ ಕೈ ನ್ಯಾಯಸ್ಥ ಕೈ ಅಲ್ಲ’ ಅಂದಳು ಡಿಂಪ್ನಾ. ಅಲ್ಲಿಗೆ ಅದು ಮುಗಿಯಿತು.

ಆ ವರ್ಷ ಎಲೆ ಉದುರುವ ಹೊತ್ತಿಗೆ ದೊಡ್ಡವರು ಒಂದು ಒಪ್ಪಂದಕ್ಕೆ ಬಂದರು. ತಪಾಸಣೆಯ ಗೆರೆ ಹಳ್ಳದ ಮೇಲೆ ಬೇಡ, ಐರ್ಲೆಂಡಿಗೂ ಬ್ರಿಟನ್ನಿಗೂ ನಡುವಿನ ಸಮುದ್ರದಲ್ಲಿರಲಿ ಎಂದು. ಮರ್ವಿನ್‌ಗೆ ಅದು ಹಿಡಿಸಲಿಲ್ಲ. ರಾಣಿಯಿಂದ ತನ್ನನ್ನು ನೀರು ಬೇರೆ ಮಾಡಿತು ಎಂದು ಇವತ್ತಿಗೂ ಗೊಣಗುತ್ತಾನೆ. ಕುರಿಗಳು ಮಾತ್ರ ಸೇತುವೆ ದಾಟುತ್ತವೆ. ಅವನು ಗೊಣಗುತ್ತಲೇ ಅವುಗಳ ಹಿಂದೆ ದಾಟುತ್ತಾನೆ. ಆದರೆ ಡಿಂಪ್ನಾ ಕಾಗದದ ಮಾತನ್ನು ನಂಬುವವಳಲ್ಲ. ಹೊಸ ನಿಯಮ ಜಾರಿಗೆ ಬರುವ ದಿನ, 2021ರ ಜನವರಿ ಒಂದು, ಕಣ್ಣಾರೆ ನೋಡುವವರೆಗೆ ಗುಪ್ಪೆಯ ಒಂದು ಕಲ್ಲನ್ನೂ ಕದಲಿಸಲಿಲ್ಲ.

ಅದು ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದ ಚಳಿಗಾಲ. ಹನ್ನೆರಡೂವರೆ ಆಯಿತು. ಹ್ಯೂಯಿ ಬರಲಿಲ್ಲ. ಹನ್ನೆರಡು ಮುಕ್ಕಾಲಾಯಿತು. ಇಪ್ಪತ್ತಾರು ವರ್ಷದಲ್ಲಿ ಹೀಗಾಗಿರಲಿಲ್ಲ. ಡಿಂಪ್ನಾ ಒಲೆ ತಗ್ಗಿಸಿ, ಮೇಲಂಗಿಯ ಗುಂಡಿ ಹಾಕಿಕೊಳ್ಳದೆಯೇ ಸೇತುವೆಯ ಕಡೆ ಓಡಿದಳು. ಎಪ್ಪತ್ತೈದರ ಮಂಡಿ ಎಷ್ಟು ಓಡೀತೋ ಅಷ್ಟು.

ಸೇತುವೆಯ ಮೇಲೆ ಇಬ್ಬರು ನಿಂತಿದ್ದರು. ಒಬ್ಬ ಕೈ ಅಡ್ಡ ಹಿಡಿದಿದ್ದ. ಹತ್ತಿರ ಹೋದರೆ ಕೈ ಅಡ್ಡ ಹಿಡಿದವನು ಮರ್ವಿನ್.

‘ಏನ್ರೋ ಇದು?’

‘ನೋಡಕ್ಕಾ, ಇವನು ಬಿಡ್ತಿಲ್ಲ’ ಅಂದ ಹ್ಯೂಯಿ.

‘ಬ್ರಿಟನ್ನಿನ ಪರವಾಗಿ ತಪಾಸಣೆ ಮಾಡ್ತಿದ್ದೀನಿ’ ಅಂದ ಮರ್ವಿನ್. ‘ಯುರೋಪಿನಿಂದ ಬರಿಗೈಲಿ ಬಂದಿದ್ದಾನೆ, ಬ್ರಿಟನ್ನಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಹೋಗ್ತಾನಂತೆ. ಕೇಳೋರು ಯಾರೂ ಇಲ್ಲ. ಬೆಳಗ್ಗೆ ಆರರಿಂದ ಕಾದಿದ್ದೀನಿ, ಒಬ್ಬ ಅಧಿಕಾರಿ ಬರ್ಲಿಲ್ಲ. ಹೋಗಲಿ, ನಾನಾದ್ರೂ ಮಾಡೋಣ ಅಂತ.’

ಡಿಂಪ್ನಾ ಆಚೆ ನೋಡಿದಳು, ಈಚೆ ನೋಡಿದಳು. ಹಲಗೆ ಇಲ್ಲ, ಗಳು ಇಲ್ಲ, ಟೋಪಿ ಇಲ್ಲ. ಒದ್ದೆ ಡಾಂಬರು, ಅದರ ಮೇಲೆ ಕುರಿಯ ಹಿಕ್ಕೆ. ಉಸಿರು ಬಿಟ್ಟಳು. ಎಷ್ಟು ಉದ್ದ ಬಿಟ್ಟಳೆಂದರೆ ಬಾಯಿಗೆ ಕಟ್ಟಿದ ಬಟ್ಟೆ ಉಬ್ಬಿತು.

‘ನಿಮ್ಮಿಬ್ಬರ ಹೆಣ ಎತ್ತ. ಇಬ್ಬರೂ ಬನ್ನಿ, ಊಟಕ್ಕೆ.’

ಮಾರ್ಚಿನಲ್ಲಿ, ನೆಲ ಒಣಗಿದ ಮೇಲೆ, ಆ ಮೂವರೇ ಸೇರಿ ಕೊಟ್ಟಿಗೆಯ ತಗಡು ಕಿತ್ತರು. ಗುಪ್ಪೆಯ ಕಲ್ಲು ತಂದು ಪಡುವಣ ಗೋಡೆ ಕಟ್ಟಿದರು. ಐವತ್ತು ವರ್ಷದ ಹಿಂದೆ ಪ್ಯಾಕಿ ಕೆಡವಿದ ಗೋಡೆ. ದಪ್ಪ ಕಲ್ಲು ಅಡಿಗೆ, ಸಂದಿಗೆ ಮುಷ್ಟಿಗಾತ್ರದ್ದು. ಹ್ಯೂಯಿ ಒಂದು ಕಡೆ ಸೊಟ್ಟ ಇಟ್ಟ. ಡಿಂಪ್ನಾ ಕಿತ್ತು ಮತ್ತೆ ಇಡಿಸಿದಳು. ಕಿಟಕಿಯಲ್ಲಿಟ್ಟ ರೇಡಿಯೋದಲ್ಲಿ ಲಂಡನ್ನಿನ ಮಂತ್ರಿಯೊಬ್ಬರು ಏನೋ ಹೇಳುತ್ತಿದ್ದರು. ಡಿಂಪ್ನಾ ಕರಣೆ ಎತ್ತಿ ಹಿಡಿದು, ಅವರ ಅಪ್ಪ ಅಜ್ಜಂದಿರವರೆಗೆ ಹೋಗಿ ಬೈದಳು. ಹ್ಯೂಯಿ ಮರ್ವಿನ್‌ನತ್ತ ನೋಡಿ ತಲೆ ಆಡಿಸಿದ.

ಗೋಡೆ ಮುಗಿದ ಮೇಲೆ ಹನ್ನೊಂದು ದಪ್ಪ ಕಲ್ಲು, ಆರು ಪೀಪಾಯಿ ಮಿಕ್ಕವು.

‘ಇವನ್ನ ಹಳ್ಳಕ್ಕೆ ಎಸೆದು ಬರ್ಲಾ?’ ಅಂದ ಹ್ಯೂಯಿ.

‘ಮುಟ್ಟಿದ್ರೆ ನೋಡು’ ಅಂದಳು ಡಿಂಪ್ನಾ. ‘ಅಲ್ಲೇ ಇರ್ಲಿ, ಗೋಡೆ ಪಕ್ಕ. ಅವರ ಓಟು ಮತ್ತೆ ಯಾವಾಗ ಬರ್ತದೋ ಯಾರಿಗೆ ಗೊತ್ತು.’